ಪ್ರಭಾರ ಪಟ್ಟಿಯಲ್ಲಿ ಇಲ್ಲದ್ದು

ಮೊದಲ ಸಲ ಪ್ರಭಾರ ಪ್ರಾಂಶುಪಾಲನಾದ ದಿನ ನನ್ನ ಕೈಗೆ ಬಂದದ್ದು ಬೀಗದ ಕೈಗಳ ಗೊಂಚಲು ಮತ್ತು ಮೂರು ಪುಟಗಳ ಪ್ರಭಾರ ಪಟ್ಟಿ. ಕಪಾಟುಗಳೆಷ್ಟು, ನಗದು ವಹಿಯನ್ನು ಯಾವ ದಿನದವರೆಗೆ ಬರೆದಿದೆ, ಚೆಕ್ ಪುಸ್ತಕದಲ್ಲಿ ಉಳಿದ ಹಾಳೆಗಳೆಷ್ಟು, ಎಲ್ಲವೂ ಅದರಲ್ಲಿತ್ತು. ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ್ದ ನನಗೆ ಸಂಬಳದ ಬಿಲ್ಲು ಖಜಾನೆಗೆ ಹೋಗುವ ದಾರಿ ಮಾತ್ರ ತಿಳಿದಿರಲಿಲ್ಲ. ಡಿಜಿಟಲ್ ಸಹಿ ಇನ್ನೂ ಹಿಂದಿನವರ ಹೆಸರಿನಲ್ಲಿಯೇ ಇತ್ತು. ಆ ತಿಂಗಳ ಸಂಬಳ ಹನ್ನೊಂದು ದಿನ ತಡವಾಯಿತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ನಾನು ಸಿಬ್ಬಂದಿ ಕೊಠಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೆ.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ನನ್ನಂತೆ ಸೇವಾ ಜ್ಯೇಷ್ಠತೆಯಿಂದಲೇ ಈ ಕುರ್ಚಿಗೆ ಬಂದವರು ಬೇಕಾದಷ್ಟಿದ್ದಾರೆ. ನಾವು ವರದಿ ಸಲ್ಲಿಸುತ್ತಿದ್ದಾಗ ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ಅದರಡಿ ನಾವು ತುಂಬುತ್ತಿದ್ದದ್ದು ಸಮಿತಿಗಳ ಪಟ್ಟಿ ಮತ್ತು ಸಭೆಗಳ ಫೋಟೊ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ‘ಪರಾಮರ್ಶ್’ ಯೋಜನೆ ತಂದಿತು. ನ್ಯಾಕ್ ಮಾನ್ಯತೆ ಪಡೆದ ಉತ್ತಮ ಸಂಸ್ಥೆ ಮಾನ್ಯತೆಯಿಲ್ಲದ ಕನಿಷ್ಠ ಐದು ಕಾಲೇಜುಗಳಿಗೆ ಮಾರ್ಗದರ್ಶನ ಮಾಡಬೇಕಿತ್ತು. ಆಶಯ ಒಳ್ಳೆಯದು. ಆದರೆ ದೊಡ್ಡವರು ನೋಡಲು ಬರುತ್ತಾರೆಂದರೆ ನಾವು ಮೊದಲು ಮಾಡುವ ಕೆಲಸ ಸುಣ್ಣ ಬಳಿಯುವುದು. ಸೋರುವ ಜಾಗವನ್ನು ತೋರಿಸಲು ಮನಸ್ಸು ಬರುವುದು ಸರೀಕರ ಮುಂದೆ ಮಾತ್ರ ಎಂಬುದು ನನ್ನ ಅನುಭವ.

ಅಕ್ಕಪಕ್ಕದ ತಾಲ್ಲೂಕುಗಳ ಮೂವರು ಪ್ರಾಂಶುಪಾಲರು ಎರಡು ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಕಾಲೇಜಿನಲ್ಲಿ ಸೇರತೊಡಗಿದೆವು. ನಿಯಮ ಒಂದೇ: ಕೆಟ್ಟುಹೋದ ಕಡತವೊಂದನ್ನು ತರಬೇಕು. ಒಮ್ಮೆ ಮೇಡಂ ಒಬ್ಬರು ಲೆಕ್ಕಪರಿಶೋಧನೆಯ ಆಕ್ಷೇಪಣೆಯನ್ನು ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಖರೀದಿಯನ್ನು ಮೂರು ಬಿಲ್ಲುಗಳಾಗಿ ಒಡೆದಿದ್ದರು. ಟೆಂಡರ್ ತಪ್ಪಿಸಲು ಹೀಗೆ ಒಡೆಯುವುದು ಸರ್ಕಾರಿ ಖರೀದಿಗಳಿಗಿರುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಗೆ ವಿರುದ್ಧ. ಅವರಿಗೆ ಅದನ್ನು ಹೇಳಿದವರೇ ಇರಲಿಲ್ಲ. ನಮ್ಮಲ್ಲಿ ಇನ್ನೊಬ್ಬರು ಸುಮ್ಮನೆ ತಮ್ಮ ಚೀಲಕ್ಕೆ ಕೈಹಾಕಿ, ಸಹಿಗೆಂದು ತಂದಿದ್ದ ಪ್ರಯೋಗಾಲಯ ಸಾಮಗ್ರಿಯ ಎರಡು ಬಿಲ್ಲುಗಳನ್ನು ಹೊರಗೆ ತೆಗೆದರು. ಆ ಮಧ್ಯಾಹ್ನ ಊಟ ತಣ್ಣಗಾಯಿತು.

ಮುಂದಿನ ಸಭೆಯಿಂದ ಜ್ಯೇಷ್ಠತೆಯಲ್ಲಿ ನಮ್ಮ ನಂತರದವರನ್ನೂ ಕರೆದುಕೊಂಡು ಹೋದೆವು. ಕುರ್ಚಿ ಸಿಗುವ ಮೊದಲೇ ಅವರು ಅತಿಥಿ ಉಪನ್ಯಾಸಕರ ಕಾರ್ಯಭಾರ ಹಂಚಿಕೆಯ ಜಗಳಗಳನ್ನು ಕೇಳಿಸಿಕೊಂಡರು. ಮೂರೂ ಕಾಲೇಜುಗಳ ಕಚೇರಿ ಅಧೀಕ್ಷಕರು ಬಂದದ್ದು ಕಾರಿನಲ್ಲಿ ಜಾಗವಿತ್ತೆಂದು.

ಮೂರು ವರ್ಷಗಳಲ್ಲಿ ಒಬ್ಬರಿಗೆ ವರ್ಗಾವಣೆಯಾಯಿತು, ಇಬ್ಬರು ನಿವೃತ್ತರಾದೆವು. ನಮ್ಮ ಸಭೆ ನಿಂತಿತು. ಆ ಮೂವರು ಅಧೀಕ್ಷಕರು ಮಾತ್ರ ಪ್ರತಿ ಮಾರ್ಚ್‌ನಲ್ಲಿ ಬಿಲ್ಲು ಕಳಿಸುವ ಮೊದಲು ಈಗಲೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ.