‘ಟೈಮ್ ಸಿಕ್ಕಾಗ ಓದ್ತೇನೆ, ಅಕ್ಕೋರೇ’

ಕಾರವಾರದಲ್ಲಿ ನರ್ಸಿಂಗ್ ಪಾಠ ಹೇಳಿ ನಿವೃತ್ತಿಯಾದೆ. ಫೋನಿಗೆ ಮಾತ್ರ ನಿವೃತ್ತಿ ಇಲ್ಲ. ಜಿ.ಎನ್.ಎಂ. ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಅಮೆರಿಕ ಸೇರಿದ ಹಳೆಯ ವಿದ್ಯಾರ್ಥಿನಿಯರು ಅಲ್ಲಿ ಡ್ಯೂಟಿ ಮಾಡುತ್ತಲೇ ಆನ್‌ಲೈನ್‌ನಲ್ಲಿ ಪದವಿ ಓದುತ್ತಾರೆ. ಆರ್.ಎನ್. ಟು ಬಿ.ಎಸ್.ಎನ್. ಅನ್ನುತ್ತಾರೆ ಅದಕ್ಕೆ, ಅಂದರೆ ಲೈಸೆನ್ಸ್ ಇರುವ ನರ್ಸು ನರ್ಸಿಂಗ್ ಪದವಿ ಪಡೆಯುವ ಓದು. ಪ್ರಬಂಧ ಹೇಗೆ ಬರೆಯಲಿ, ಅಲ್ಲಿ ಕೇಳುವ ಎ.ಪಿ.ಎ. ಶೈಲಿಯಲ್ಲಿ ಮೂಲಗಳ ಉಲ್ಲೇಖ ಹೇಗೆ ಕೊಡಲಿ ಅಂತ ಕೇಳುತ್ತಾರೆ. ಅದನ್ನೆಲ್ಲ ಸಂತೋಷದಿಂದ ಹೇಳಿಕೊಡುತ್ತೇನೆ. ಕೇಳಿ ಕೇಳಿ ಬೇಸತ್ತಿರುವುದು ಒಂದೇ ಮಾತಿಗೆ. ‘ಇದು ಸೆಲ್ಫ್ ಪೇಸ್ಡ್ ಅಕ್ಕೋರೇ, ನಮ್ಮ ವೇಗದಲ್ಲಿ ಓದೋದು, ಗಡುವು ಅಂತಿಲ್ಲ. ಟೈಮ್ ಸಿಕ್ಕಾಗ ಓದ್ತೇನೆ.’

ಗಡುವು ಇದೆ ತಂಗಿ. ಒಂದೇ ಇದೆ, ದೂರ ಇದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಅಮೆರಿಕದ ಆನ್‌ಲೈನ್ ವಿಶ್ವವಿದ್ಯಾಲಯ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದು ಟರ್ಮ್ ಅಂದರೆ ಆರು ತಿಂಗಳು. ಫೀ ಕೋರ್ಸಿನ ಲೆಕ್ಕದಲ್ಲಿ ಅಲ್ಲ, ಟರ್ಮಿನ ಲೆಕ್ಕದಲ್ಲಿ. ಆರು ತಿಂಗಳಲ್ಲಿ ಎಂಟು ಕೋರ್ಸ್ ಮುಗಿಸಿದರೂ ಅದೇ ಹಣ, ಎರಡು ಮುಗಿಸಿದರೂ ಅದೇ ಹಣ. ಕ್ಯಾಪೆಲ್ಲಾ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದ ಸೆಲ್ಫ್ ಪೇಸ್ಡ್ ವಿಭಾಗ ಫ್ಲೆಕ್ಸ್‌ಪಾತ್‌ನಲ್ಲಿ ಇದೇ ಲೆಕ್ಕ 12 ವಾರಕ್ಕೆ. ವಾರ ವಾರ ಯಾರೂ ಕೇಳುವುದಿಲ್ಲ ನಿಜ. ಆದರೆ ಗಡಿಯಾರ ಫೀ ಒಳಗೇ ಕೂತಿದೆ. ಟರ್ಮ್ ಮುಗಿಯುವಾಗ ಅರ್ಧ ಓದಿಟ್ಟ ಕೋರ್ಸ್ ಅರ್ಧ ಪಾಸ್ ಆಗುವುದಿಲ್ಲ. ಪಾಸ್ ಆಗಿಲ್ಲ, ಅಷ್ಟೇ. ಮುಂದಿನ ಟರ್ಮಿಗೆ ಮತ್ತೆ ಹಣ ಕಟ್ಟಿ ಅದನ್ನೇ ಹಿಡಿಯಬೇಕು.

ಲೆಕ್ಕ ಹಾಕಿ ನೋಡಿ. ಆರು ತಿಂಗಳು ಅಂದರೆ 26 ವಾರ. ವೆಸ್ಟರ್ನ್ ಗವರ್ನರ್ಸ್‌ನಲ್ಲಿ ಪದವಿ ವಿದ್ಯಾರ್ಥಿ ಒಂದು ಟರ್ಮಿಗೆ ಕನಿಷ್ಠ 12 ಯೂನಿಟ್, ಅಂದರೆ ಕ್ರೆಡಿಟ್ ಇದ್ದ ಹಾಗೆ, ತೆಗೆದುಕೊಳ್ಳಬೇಕು. ಮೂರು ಯೂನಿಟ್ಟಿನ ನಾಲ್ಕು ಕೋರ್ಸ್ ಅಂತ ಇಟ್ಟುಕೊಳ್ಳಿ. ಒಂದಕ್ಕೆ ಆರೂವರೆ ವಾರ. ಜಾಸ್ತಿ ಅನಿಸುತ್ತದೆ, ಅಲ್ವಾ? ಈಗ ಕಳೆಯಿರಿ. ಬರೆದು ಕಳಿಸಿದ್ದು ತಿದ್ದಿ ಬರಲು ಕೆಲವು ದಿನ ಬೇಕು. ಸರಿಯಿಲ್ಲ ಅಂತ ವಾಪಸ್ ಬಂದರೆ ಮತ್ತೆ ಬರೆಯಲು ನಾಲ್ಕು ದಿನ, ಮತ್ತೆ ತಿದ್ದಿ ಬರಲು ಕೆಲವು ದಿನ. ಹಾಗಾಗಿ ಕೊನೆಯ ಎರಡು ವಾರ ನಿಮ್ಮದಲ್ಲ. ಮಗುವಿಗೆ ಜ್ವರ, ಮನೆ ಬದಲಾಯಿಸುವುದು, ಊರಿಗೆ ಬಂದು ಹೋಗುವುದು ಅಂತ ಇನ್ನೆರಡು ವಾರ ಹಿಡಿಯಿರಿ. ಉಳಿಯಿತು 22. ಹನ್ನೆರಡು ಗಂಟೆಯ ನೈಟ್ ಡ್ಯೂಟಿ ವಾರಕ್ಕೆ ಮೂರು. ಮಾರನೇ ದಿನ ನಿದ್ದೆಗೇ ಹೋಯಿತು. ಓದಲು ವಾರಕ್ಕೆ ಸಿಗುವುದು ಒಂದೂವರೆ ದಿನ, ಜಾಸ್ತಿ ಅಂದರೆ ಎರಡು. ಕೋರ್ಸಿಗೆ ಹತ್ತೇ ಹತ್ತು ದಿನ. ಈ ಲೆಕ್ಕವನ್ನು ಟರ್ಮ್ ಶುರುವಾಗುವ ಮೊದಲೇ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ ಅಂತ ನಾನು ಹಟ ಮಾಡುವುದು ಇದಕ್ಕೇ.

ಅಂಕೋಲೆಯ ಬೇಲೆಕೇರಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಓದಿದವಳು. ಐ.ಸಿ.ಯು. ಕೆಲಸದಲ್ಲಿ ಗಟ್ಟಿ. ಮೊದಲು ವಾರ ವಾರ ಗಡುವಿರುವ ಕಡೆ ಸೇರಿದ್ದಳು. ಬುಧವಾರ ಚರ್ಚೆಗೆ ಬರೆಯಬೇಕು, ಭಾನುವಾರ ಪ್ರಬಂಧ ಕಳಿಸಬೇಕು. ಗೊಣಗುತ್ತ ಮಾಡಿದಳು, ಒಳ್ಳೆಯ ಗ್ರೇಡ್ ತೆಗೆದಳು. ಎರಡನೇ ಮಗು ಆದ ಮೇಲೆ ಸೆಲ್ಫ್ ಪೇಸ್ಡ್ ಕಡೆ ಬದಲಾಯಿಸಿಕೊಂಡಳು. ನಾಲ್ಕು ತಿಂಗಳು ಒಂದಕ್ಷರ ಬರೆಯಲಿಲ್ಲ. ಅಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇರುತ್ತಾರೆ, ಆಗಾಗ ಫೋನ್ ಮಾಡಿ ವಿಚಾರಿಸುತ್ತಾರೆ. ಇವಳು ನಾಚಿಕೆಯಿಂದ ಆ ಫೋನ್ ಎತ್ತುವುದನ್ನೇ ಬಿಟ್ಟಳು. ಐದನೇ ತಿಂಗಳಲ್ಲಿ ನನಗೆ ಫೋನ್ ಮಾಡಿ, ‘ನನ್ನ ತಲೆಗೆ ಇದು ಹತ್ತೋದಿಲ್ಲ ಅಕ್ಕೋರೇ’ ಅಂತ ಅತ್ತಳು.

ತಲೆಯ ವಿಷಯ ಅಲ್ಲವೇ ಅಲ್ಲ. ವಾರ್ಡಿನಲ್ಲಿ ಎಂಟು ಗಂಟೆಯ ಔಷಧಿಯನ್ನು ಎಂಟಕ್ಕೇ ಕೊಡುವವಳು ಅವಳು. ಅಲ್ಲಿ ತಪ್ಪದಿದ್ದದ್ದು ಇಲ್ಲಿ ಯಾಕೆ ತಪ್ಪಿತು? ನಾನು ಬಹಳ ದಿನ ಯೋಚಿಸಿದೆ. ವಾರ್ಡಿನಲ್ಲಿ ಹ್ಯಾಂಡೋವರ್ ಇದೆ. ಶಿಫ್ಟ್ ಮುಗಿಯುವಾಗ ಇನ್ನೊಬ್ಬಳು ಬಂದು ಬೆಡ್ಡಿನ ಪಕ್ಕ ನಿಲ್ಲುತ್ತಾಳೆ. ಏನು ಕೊಟ್ಟಿದ್ದೀಯ, ಏನು ಬಾಕಿ, ಯೂರಿನ್ ಎಷ್ಟು ಹೋಗಿದೆ ಅಂತ ಕೇಳುತ್ತಾಳೆ. ಉತ್ತರ ಕೊಡಬೇಕಲ್ಲ ಅಂತಲೇ ನಮ್ಮ ಕೈ ಓಡುತ್ತದೆ. ಗಡುವಿರುವ ಕೋರ್ಸಿನಲ್ಲಿ ಭಾನುವಾರವೇ ಹ್ಯಾಂಡೋವರ್. ಸೆಲ್ಫ್ ಪೇಸ್ಡ್‌ನಲ್ಲಿ ಆ ಇನ್ನೊಬ್ಬಳು ಬರುವುದೇ ಇಲ್ಲ. ಅವಳನ್ನು ನೀವೇ ಕರೆದು ನಿಲ್ಲಿಸಿಕೊಳ್ಳಬೇಕು. ಮೆಂಟರ್ ಆಗಬಹುದು, ಗಂಡ ಆಗಬಹುದು, ಜೊತೆಗೆ ಓದುವ ಗೆಳತಿ ಆಗಬಹುದು. ವಾರಕ್ಕೆ ಒಂದು ದಿನ, ಒಂದೇ ಹೊತ್ತು, ಏನು ಮುಗೀತು ಏನು ಬಾಕಿ ಅಂತ ಹೇಳಬೇಕು. ಅವರು ಬೈಯಬೇಕಾಗಿಲ್ಲ, ಕೇಳಿದರೆ ಸಾಕು.

ಇದನ್ನು ಅವಳಿಗಿಂತ ಮೊದಲು ಅವಳ ಅಪ್ಪ ಅರ್ಥ ಮಾಡಿಕೊಂಡರು. ಅವರು ಬೋಟಿನಲ್ಲಿ ದುಡಿದವರು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ರಿಪೇರಿಗೆ ಅದೇ ಸಮಯ. ‘ಬಲೆ ಎಲ್ಲಿಗೆ ಬಂತು ಅಂತ ಯಾರೂ ಕೇಳೂದಿಲ್ಲ ಅಕ್ಕೋರೇ. ನಾವೇ ದಿನಾ ಇಷ್ಟು ಮಾರು ಅಂತ ಇಟ್ಕಂಡು ಕೂರ್ತೇವೆ. ಆಗಸ್ಟ್ ಒಂದಕ್ಕೆ ಹರ್ಕು ಬಲೆ ಹಿಡ್ಕಂಡು ಹೋಗೂಕೆ ಆಗ್ತದ್ಯೇ?’ ಅಂದರು. ಜಗಲಿಯಲ್ಲಿ ಕೂತು ಮಾತಾಡುವಾಗಲೂ ಅವರ ಬೆರಳು ಗಂಟು ಹಾಕುತ್ತಲೇ ಇತ್ತು.

ಇನ್ನು ಈ ಕಡೆಯಿಂದ ಆ ಕಡೆಗೆ, ಅಂದರೆ ಸೆಲ್ಫ್ ಪೇಸ್ಡ್ ಬಿಟ್ಟು ಗಡುವಿನ ಕೋರ್ಸಿಗೆ ಹೋಗುವವರ ತೊಂದರೆ ಬೇರೆ. ಅವರಿಗೆ ತಿದ್ದಿ ತಿದ್ದಿ ಮತ್ತೆ ಕಳಿಸುವ ಅಭ್ಯಾಸ ಆಗಿರುತ್ತದೆ. ಶಿರಸಿಯ ಒಬ್ಬಳು ಜಾತ್ರೆಗೆ ಅಂತ ಮಾರ್ಚ್‌ನಲ್ಲಿ ಊರಿಗೆ ಬಂದಿದ್ದಳು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ತಪ್ಪಿಸುವ ಮಾತೇ ಇಲ್ಲ. ಪ್ರಬಂಧ ಶನಿವಾರವೇ ಮುಗಿದಿತ್ತು. ಇನ್ನೊಂದು ಸಲ ನೋಡೋಣ ಅಂತ ಇಟ್ಟುಕೊಂಡಳು. ಗಡುವು ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ರಾತ್ರಿ 11.59. ಹಿಂದಿನ ಸಲ ಡಿಸೆಂಬರ್‌ನಲ್ಲಿ ಬಂದಾಗ ಅದು ನಮ್ಮ ಸೋಮವಾರ ಬೆಳಿಗ್ಗೆ 10.29 ಆಗಿತ್ತು. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಆಮೇಲೆ ಅದು ನಮ್ಮ 9.29. ಹತ್ತು ಗಂಟೆಗೆ ಸ್ನಾನ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಬಾಗಿಲು ಮುಚ್ಚಿತ್ತು. ಸಾಧಾರಣ ಪ್ರಬಂಧವಾದರೂ ಹೊತ್ತಿಗೆ ಸರಿಯಾಗಿ ಹೋದರೆ ಅಂಕ ಬರುತ್ತದೆ. ಮುಗಿದ ಕೂಡಲೇ ಕಳಿಸಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಯಾವುದು ಒಳ್ಳೆಯದು ಅಂತ ಕೇಳಬೇಡಿ, ಅದು ನಿಮ್ಮ ಮನೆ, ಶಿಫ್ಟ್ ನೋಡದೆ ಹೇಳುವ ಮಾತಲ್ಲ. ಬದಲಾಯಿಸುವ ಮೊದಲು, ಆಗಲೇ ಓದಿ ಮುಗಿಸಿದ್ದರಲ್ಲಿ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ನ್ಯೂಯಾರ್ಕ್‌ನಲ್ಲಿರುವವರು 2017ರ ಕಾನೂನನ್ನೂ ನೋಡಿಕೊಳ್ಳಿ. ಲೈಸೆನ್ಸ್ ಸಿಕ್ಕ ಹತ್ತು ವರ್ಷದೊಳಗೆ ಪದವಿ ಬೇಕು ಅನ್ನುತ್ತದೆ ಅದು. ಕೆಲವರಿಗೆ ವಿನಾಯಿತಿ ಇದೆ, ನಿಮಗೆ ಇದೆಯೇ ಅಂತ ಅಲ್ಲಿಯವರನ್ನೇ ಕೇಳಿ.

ಮತ್ತೆ, ಇದನ್ನೆಲ್ಲ ಓದಿ ಇಲ್ಲಿ ಕುಮಟೆ, ಹೊನ್ನಾವರದಲ್ಲಿ ಕೂತು ‘ಮನೆಯಿಂದಲೇ ಬಿ.ಎಸ್ಸಿ. ನರ್ಸಿಂಗ್’ ಅನ್ನುವ ಜಾಹೀರಾತಿಗೆ ಹಣ ಕಟ್ಟಬೇಡಿ. ದಯವಿಟ್ಟು. ಯು.ಜಿ.ಸಿ.ಯ 2020ರ ನಿಯಮದಲ್ಲಿ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸಬಾರದ ವಿಷಯಗಳ ಪಟ್ಟಿಯಲ್ಲಿ ನರ್ಸಿಂಗ್ ಇದೆ. ಯಾರೇ ಏನೇ ಹೇಳಲಿ, ಮೊದಲು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ವಿಚಾರಿಸಿ. ಅಮೆರಿಕದ ಆ ಕೋರ್ಸುಗಳು ಅಲ್ಲಿ ಆಗಲೇ ಲೈಸೆನ್ಸ್ ಇದ್ದು ವಾರ್ಡಿನಲ್ಲಿ ದುಡಿಯುವವರಿಗೆ.

ಬೇಲೆಕೇರಿಯ ಹುಡುಗಿ ಆ ಟರ್ಮಿನಲ್ಲಿ ಒಂದೇ ಕೋರ್ಸ್ ಮುಗಿಸಿದಳು. ಮುಂದಿನ ಟರ್ಮಿನಲ್ಲಿ ಐದು. ನಮ್ಮ ಹ್ಯಾಂಡೋವರ್ ಇಲ್ಲಿಯ ಶನಿವಾರ ಸಂಜೆ ಏಳಕ್ಕೆ, ಅಲ್ಲಿ ಬೆಳಿಗ್ಗೆ ಅವಳು ನೈಟ್ ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತಾಗ. ಎರಡೇ ನಿಮಿಷ. ‘ಎರಡನೇ ಟಾಸ್ಕ್ ಕಳಿಸಿದೆ, ಮೂರನೆಯದು ಅರ್ಧ’ ಅಂತ ಹೇಳಿ ಫೋನ್ ಇಡುತ್ತಾಳೆ. ನಾನು ಅದನ್ನು ಕ್ಯಾಲೆಂಡರಿನ ಆ ಮನೆಯಲ್ಲಿ ಬರೆದಿಡುತ್ತೇನೆ.