ಇತ್ತ ನಾವೆಲ್ಲ ಕ್ಷೇಮ: ಲಾಪ್ವೈ ಕೋಟೆಯಿಂದ ಅಮ್ಮನಿಗೆ ಬಂದ ಕಾಗದಗಳು

ಇನ್‌ಲ್ಯಾಂಡ್ ಕಾಗದದ ಕಾಲ ಕಂಡವರಿಗೆ ಗೊತ್ತು. ಮನೆಯಲ್ಲಿ ಯಾರಿಗೆ ಜ್ವರ ಬಂದಿರಲಿ, ಬೆಳೆ ಹಾಳಾಗಿರಲಿ, ಮೊದಲ ಸಾಲು ಮಾತ್ರ ‘ಇತ್ತ ನಾವೆಲ್ಲ ಕ್ಷೇಮ’. ಮಾರುತ್ತರ ಬರುವವರೆಗೂ ದೂರದಲ್ಲಿರುವವರನ್ನು ಸುಮ್ನೆ ಯಾಕೆ ಹೆದರಿಸುವುದು ಅಂತ.

ಎಮಿಲಿ ಫಿಟ್ಜೆರಾಲ್ಡ್‌ಗೆ ಈ ದಾರಿ ಇರಲಿಲ್ಲ. ಅವಳ ಗಂಡ ಜೆಂಕಿನ್ಸ್ ಅಮೆರಿಕದ ಸೈನ್ಯದಲ್ಲಿ ಡಾಕ್ಟರ್. 1874ರಿಂದ 1878ರವರೆಗೆ ಅವಳು ಮೊದಲು ಅಲಾಸ್ಕದ ಸಿಟ್ಕಾದಿಂದ, ಆಮೇಲೆ ಇಡಾಹೊ ಸೀಮೆಯ ಲಾಪ್ವೈ ಕೋಟೆಯಿಂದ ಪೆನ್ಸಿಲ್ವೇನಿಯಾದಲ್ಲಿದ್ದ ಅಮ್ಮನಿಗೆ ಕಾಗದ ಬರೆಯುತ್ತಲೇ ಇದ್ದಳು. ಮಕ್ಕಳು, ಅಡುಗೆ, ಮನೆಕೆಲಸಕ್ಕೆ ಜನ ಸಿಗದ ಗೋಳು, ಹೀಗೆ ಮಗಳು ಅಮ್ಮನಿಗೆ ಹೇಳುವ ಮಾತುಗಳೇ ಜಾಸ್ತಿ. ಅವು ಪುಸ್ತಕವಾಗಿ ಅಚ್ಚಾಗಿದ್ದು 1962ರಲ್ಲಿ. ಅಷ್ಟರಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು.

ರಷ್ಯಾದಿಂದ 1867ರಲ್ಲಿ 72 ಲಕ್ಷ ಡಾಲರಿಗೆ ಕೊಂಡ ಅಲಾಸ್ಕವನ್ನು ಆಗ ಸೈನ್ಯವೇ ನೋಡಿಕೊಳ್ಳುತ್ತಿತ್ತು. ಸಿಟ್ಕಾಗೆ ಟಪಾಲು ಬರುತ್ತಿದ್ದುದು ತಿಂಗಳಿಗೊಂದು ಹಡಗಿನಲ್ಲಿ. 1876ರಲ್ಲಿ ಸಂಸಾರ ಲಾಪ್ವೈಗೆ ಬಂತು. ಹೆಸರಿಗೆ ಕೋಟೆ ಅಷ್ಟೆ. ಪಶ್ಚಿಮದ ಇಂಥ ಎಷ್ಟೋ ಕೋಟೆಗಳಿಗೆ ಗೋಡೆಯೇ ಇರಲಿಲ್ಲ. ನಡುವೆ ಕವಾಯತು ಮೈದಾನ, ಸುತ್ತ ಸಿಪಾಯಿಗಳ ಬಿಡಾರ, ಅಧಿಕಾರಿಗಳ ಮನೆ, ಒಂದು ಆಸ್ಪತ್ರೆ.

ಇಂಥ ಕಡೆ ಡಾಕ್ಟರ ಕೆಲಸ ಗಾಯ ಕಟ್ಟುವುದಕ್ಕೆ ಮುಗಿಯುತ್ತಿರಲಿಲ್ಲ. ಕುಡಿಯುವ ನೀರು, ಅಡುಗೆಮನೆ, ಕಕ್ಕಸು ಎಲ್ಲ ಅವರೇ ನೋಡಬೇಕು. ದಿನದ ಹವಾಮಾನವನ್ನೂ ಬರೆದಿಡಬೇಕು. 1860ರ ದಶಕದ ಕೊನೆಯಲ್ಲಿ ಇನ್ನೊಂದು ಕೆಲಸವೂ ಸೇರಿತು. ಮೂಲನಿವಾಸಿಗಳ ತಲೆಬುರುಡೆ ಸಿಕ್ಕರೆ ವಾಷಿಂಗ್ಟನ್ನಿನ ಸೈನ್ಯದ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಕಳಿಸಿ ಎಂದು ಮೇಲಿನಿಂದ ಸೂಚನೆ ಬಂತು. ಜೀವ ಉಳಿಸಬೇಕಾದವರಿಗೆ ಇದೆಂಥ ಕೆಲಸ!

ಲಾಪ್ವೈ ಇದ್ದದ್ದು ನೆಜ್ ಪರ್ಸ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಅವರು ತಮ್ಮನ್ನು ಕರೆದುಕೊಳ್ಳುವುದು ನಿಮಿಪೂ ಎಂದು. 1855ರ ಒಪ್ಪಂದ ಅವರಿಗೆ ದೊಡ್ಡ ಪ್ರದೇಶವನ್ನೇ ಬಿಟ್ಟುಕೊಟ್ಟಿತ್ತು. 1860ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಚಿನ್ನ ಸಿಕ್ಕ ಮೇಲೆ ಒಪ್ಪಂದ ಉಳಿಯುತ್ತದೆಯೇ? 1863ರ ಹೊಸ ಒಪ್ಪಂದ ಆ ನೆಲದಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ಉಳಿಸಿತು. ಮುಂದೆ ಯುದ್ಧದ ಹೊತ್ತಿಗೆ ಮುಖಂಡನಾಗಿದ್ದ ವಲ್ಲೋವ ಕಣಿವೆಯ ಜೋಸೆಫ್‌ನ ತಂದೆಯಂಥ ಕೆಲವರು ಅದಕ್ಕೆ ಸಹಿ ಹಾಕಲೇ ಇಲ್ಲ. 1873ರಲ್ಲಿ ಆ ಕಣಿವೆಯ ಒಂದು ಭಾಗವನ್ನು ಅಧ್ಯಕ್ಷ ಗ್ರಾಂಟ್ ಅವರಿಗೇ ಬಿಟ್ಟ, 1875ರಲ್ಲಿ ವಾಪಸು ಪಡೆದ. 1877ರ ಮೇ ತಿಂಗಳಲ್ಲಿ ಲಾಪ್ವೈಯಲ್ಲೇ ಸಭೆ ಕರೆದ ಜನರಲ್ ಹೋವರ್ಡ್, ಮೂವತ್ತು ದಿನದೊಳಗೆ ಜಾಗ ಖಾಲಿ ಮಾಡಿ ಎಂದುಬಿಟ್ಟ. ಸ್ನೇಕ್ ನದಿ ತುಂಬಿ ಹರಿಯುವ ಕಾಲ ಅದು. ದಾಟುವಾಗ ಎಷ್ಟೋ ದನ, ಕುದುರೆ ಕೊಚ್ಚಿಹೋದವು. ಸಿಟ್ಟಿಗೆದ್ದ ಕೆಲವು ಹುಡುಗರು ವಲಸೆ ಬಂದ ಬಿಳಿಯರನ್ನು ಕೊಂದರು. ಯುದ್ಧ ಶುರುವಾಯಿತು.

ಜೂನ್ 17ರಂದು ವೈಟ್ ಬರ್ಡ್ ಕಣಿವೆಯಲ್ಲಿ 34 ಸಿಪಾಯಿಗಳು ಸತ್ತರು. ಅವರಲ್ಲಿ ಒಬ್ಬ ಲೆಫ್ಟಿನೆಂಟ್ ಥೆಲ್ಲರ್. ಅವನ ಹೆಂಡತಿ ಲಾಪ್ವೈಯಲ್ಲೇ ಕಾಯುತ್ತಿದ್ದಳು. ಅದಕ್ಕೂ ಹಿಂದಿನ ಬೇಸಿಗೆಯಲ್ಲಷ್ಟೇ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿ ಬೇರೆ ಮೂಲನಿವಾಸಿಗಳ ಕೈಯಲ್ಲಿ ನಾಶವಾಗಿತ್ತು. ಹೆಂಡತಿಗೆ ಕಾಗದ ಬರೆಯುತ್ತಿದ್ದ ಡಿವುಲ್ಫ್ ಎಂಬ ಡಾಕ್ಟರ್ ಕೂಡ ಆ ಯುದ್ಧದಲ್ಲಿ ಸತ್ತಿದ್ದ. ಕೋಟೆಯ ಹೆಂಗಸರಿಗೆ ನಿದ್ದೆ ಹೇಗೆ ಬಂದೀತು?

ಇಲ್ಲಿ ಟಪಾಲಿನ ಲೆಕ್ಕ ಸ್ವಲ್ಪ ನೋಡಬೇಕು. ರೈಲು 1869ರಲ್ಲೇ ಕ್ಯಾಲಿಫೋರ್ನಿಯಾ ಮುಟ್ಟಿದ್ದರೂ ಈ ವಾಯವ್ಯ ಮೂಲೆಗೆ ಪೂರ್ವದಿಂದ ನೇರ ರೈಲು ಬಂದದ್ದು 1883ರಲ್ಲಿ. ಅಲ್ಲಿಯವರೆಗೆ ಕಾಗದಕ್ಕೆ ಕುದುರೆ, ದೋಣಿ, ಬಂಡಿಯೇ ಗತಿ. ತಂತಿಯ ಕಥೆ ಬೇರೆ. ಹೋವರ್ಡ್‌ನ ಸಂದೇಶ ಕುದುರೆ ಸವಾರನ ಕೈಯಲ್ಲಿ ವಲ್ಲಾ ವಲ್ಲಾ ಊರಿನ ತಂತಿ ಕಚೇರಿಗೆ ಹೋಗುತ್ತಿತ್ತು, ಅಲ್ಲಿಂದ ದೇಶದ ಪೇಪರುಗಳಿಗೆ. ಅಂದರೆ ಮಗಳ ಕಾಗದಕ್ಕಿಂತ ಮೊದಲು ಪೇಪರೇ ಅಮ್ಮನ ಮನೆ ಸೇರುವಂತಿತ್ತು. ಆಮೇಲೆ ‘ನಾವೆಲ್ಲ ಕ್ಷೇಮ’ ಅಂದರೆ ಯಾರು ನಂಬುತ್ತಾರೆ? ಎಮಿಲಿ ತನ್ನ ಹೆದರಿಕೆಯನ್ನು ಮುಚ್ಚಿಡದೆ ಬರೆದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಅದೇ ಹೆದರಿಕೆಯಲ್ಲಿ ನಿಮಿಪೂಗಳ ಬಗ್ಗೆ ಕಟುವಾಗಿಯೂ ಬರೆದಳು. ಓದುವಾಗ ಮುಜುಗರವಾಗುತ್ತದೆ ನಿಜ. ಆದರೆ ಅದನ್ನು ಬಿಟ್ಟು ಬರೀ ತಾಯಿ-ಮಗಳ ಪ್ರೀತಿಯನ್ನಷ್ಟೇ ಓದಿದರೆ ಅರ್ಧ ಕಾಗದ ಓದಿದ ಹಾಗೆ.

ಜೆಂಕಿನ್ಸ್ ಹೋವರ್ಡ್‌ನ ದಂಡಿನ ಜೊತೆ ಹೊರಟ. ದಾರಿಯಿಂದ ಅವನೂ ಹೆಂಡತಿಗೆ ಬರೆಯುತ್ತಿದ್ದ. ಆಗಸ್ಟ್ 9ರ ನಸುಕಿನಲ್ಲಿ ಬಿಗ್ ಹೋಲ್‌ನಲ್ಲಿ ಮಲಗಿದ್ದ ನಿಮಿಪೂ ಬಿಡಾರದ ಮೇಲೆ ಸೈನ್ಯ ಬಿತ್ತು. ಬಿಡಾರದಲ್ಲಿ ಸತ್ತವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಆಮೇಲೆ ಜೆಂಕಿನ್ಸ್ ಇನ್ನೊಬ್ಬ ಡಾಕ್ಟರ ಜೊತೆ ಅಲ್ಲಿಗೆ ತಲುಪಿ ಗಾಯಗೊಂಡ ಸಿಪಾಯಿಗಳಿಗೆ ಚಿಕಿತ್ಸೆ ಕೊಟ್ಟ. ಇಷ್ಟೆಲ್ಲ ಮಾಡಿದವರಿಗೆ ಆಗ ಸಂಬಳವೂ ಇರಲಿಲ್ಲ. ಸಂಸತ್ತು ಸೈನ್ಯದ ಹಣಕಾಸು ಮಸೂದೆ ಪಾಸು ಮಾಡದೆ ಎದ್ದುಹೋಗಿತ್ತು. ಜುಲೈಯಿಂದ ನವೆಂಬರ್‌ವರೆಗೆ ಸೈನ್ಯಕ್ಕೆಲ್ಲ ಸಂಬಳ ನಿಂತಿತ್ತು. ಜೆಂಕಿನ್ಸ್ ತೀರಿಕೊಂಡದ್ದು 1879ರಲ್ಲಿ.

ಸೈನ್ಯದಿಂದ ತಪ್ಪಿಸಿಕೊಳ್ಳುತ್ತ ನಿಮಿಪೂಗಳು ಸುಮಾರು 1,900 ಕಿಲೋಮೀಟರ್ ಸಾಗಿದ್ದರು. ಕೆನಡಾ ಗಡಿ ಇನ್ನು 65 ಕಿಲೋಮೀಟರ್ ಇದೆ ಅನ್ನುವಾಗ, ಬೇರ್ ಪಾ ಬೆಟ್ಟದ ಹತ್ತಿರ, ಅಕ್ಟೋಬರ್ 5ರಂದು ಜೋಸೆಫ್ ಶರಣಾದ. ಅವನ ಜನರನ್ನು ಊರಿಗೆ ಬಿಡದೆ ಮೊದಲು ಕಾನ್ಸಾಸ್‌ಗೆ, ಆಮೇಲೆ ಇಂದಿನ ಒಕ್ಲಹೋಮಕ್ಕೆ ಸಾಗಿಸಿದರು. ಮಲೇರಿಯಾಕ್ಕೆ ಸಿಕ್ಕು ಎಷ್ಟೋ ಜನ ಸತ್ತರು.

1879ರಲ್ಲಿ ಜೋಸೆಫ್‌ನ ಮಾತುಗಳನ್ನು ಒಂದು ಪತ್ರಿಕೆ ಅಚ್ಚು ಹಾಕಿತು. ಬೇರ್ ಪಾದಲ್ಲಿ ಗುಂಡು ಹಾರತೊಡಗಿದಾಗ ಹನ್ನೆರಡು ವರ್ಷದ ಮಗಳು ಅವನ ಪಕ್ಕದಲ್ಲಿದ್ದಳು. ಅವಳ ಕೈಗೆ ಒಂದು ಹಗ್ಗ ಕೊಟ್ಟು, ಕುದುರೆ ಹಿಡಿದು ಆಚೆ ಇರುವವರ ಜೊತೆ ಸೇರಿಕೋ ಎಂದನಂತೆ. ಆಮೇಲೆ ಅವಳನ್ನು ನೋಡಿಲ್ಲ, ಆದರೆ ಬದುಕಿದ್ದಾಳೆ, ಕ್ಷೇಮವಾಗಿದ್ದಾಳೆ ಎಂದು ಗೊತ್ತಾಗಿದೆ ಅಂತ ಅವನು ಹೇಳಿದ್ದಾನೆ.