ಆಪರೇಷನ್ ಆದ ಕಣ್ಣಿಗೆ ಮತ್ತೆ ಪೊರೆ ಬರುತ್ತದೆಯೇ?

ಪ್ರಶ್ನೆ: ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿ ಎರಡು ವರ್ಷವಾಯಿತು. ಮೊದಮೊದಲು ತಿಳಿಯಾಗಿ ಕಾಣುತ್ತಿತ್ತು, ಈಗ ಅದೇ ಕಣ್ಣು ಮತ್ತೆ ಮಂಜಾಗಿದೆ. ಪೊರೆ ಪುನಃ ಬೆಳೆದಿದೆಯೇ?

ಉತ್ತರ: ಇಲ್ಲ, ಬೆಳೆದಿಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ಬರುತ್ತಲೇ ಇರುವುದಕ್ಕೆ ಅರ್ಧ ಕಾರಣ ‘ಪೊರೆ’ ಎಂಬ ಪದವೇ. ಹಾವಿನ ಪೊರೆ ಕಂಡವರಿಗೆ ಕಣ್ಣಿನ ಪೊರೆಯೂ ಮೇಲೆ ಹರಡಿಕೊಂಡ ತೆಳು ಹಾಳೆಯೆಂದೇ ಅನಿಸುತ್ತದೆ. ಡಾಕ್ಟರು ಅದನ್ನು ಕೆರೆದು ತೆಗೆದರು, ಉಗುರಿನ ಹಾಗೆ ಮತ್ತೆ ಬಂತು ಎಂಬ ಲೆಕ್ಕಾಚಾರ ಅಲ್ಲಿಂದ ಶುರು.

ಕಣ್ಣಿನ ಮೇಲೆ ಏನೂ ಬೆಳೆದಿರುವುದಿಲ್ಲ. ಪಾಪೆಯ ಹಿಂದೆ ಒಂದು ಮಸೂರವಿದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನು ಗಂಟುಕಟ್ಟಿ ಇಡೀ ಮಸೂರವೇ ಮಬ್ಬಾಗುತ್ತದೆ. ಆಪರೇಷನ್‌ನಲ್ಲಿ ಆ ಮಸೂರವನ್ನೇ ಒಡೆದು ಹೀರಿ ತೆಗೆಯುತ್ತಾರೆ. ಅದು ಕುಳಿತಿದ್ದ ತೆಳುವಾದ ಚೀಲವನ್ನು ಮಾತ್ರ ಉಳಿಸಿಕೊಂಡು ಅದರೊಳಗೆ ಕೃತಕ ಲೆನ್ಸ್ ಇಡುತ್ತಾರೆ. ಮಬ್ಬಾಗಿದ್ದ ವಸ್ತುವೇ ಕಣ್ಣಿನಲ್ಲಿ ಇಲ್ಲದ ಮೇಲೆ ಮತ್ತೆ ಬೆಳೆಯುವುದು ಯಾವುದು?

ಹಾಗಾದರೆ ಈ ಮಂಜು? ಹೆಚ್ಚಿನ ಸಲ ಅದು ಆ ಚೀಲದ ಹಿಂಗೋಡೆಯದು. ಚೀಲದ ಅಂಚಿನಲ್ಲಿ ಉಳಿದುಕೊಂಡ ಜೀವಕೋಶಗಳು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹಿಂಗೋಡೆಯ ಮೇಲೆ ಹರಡುತ್ತವೆ. ಎಷ್ಟು ಜಾಗ್ರತೆಯಿಂದ ಮಾಡಿದರೂ ಕೆಲವು ಕೋಶಗಳು ಉಳಿಯುತ್ತವೆ, ಆದ್ದರಿಂದ ಇದನ್ನು ಆಪರೇಷನ್ ಕೆಟ್ಟದ್ದರ ಗುರುತೆಂದು ತಿಳಿಯಬೇಡಿ. ಪೊರೆ ಎಂಬ ಪದ ನಿಜವಾಗಿ ಒಪ್ಪುವುದಾದರೆ ಇದಕ್ಕೆ!

ಇದಕ್ಕೆ ಯಾಗ್ ಲೇಸರ್ ಇದೆ. ಹನಿ ಹಾಕಿ ಪಾಪೆ ಹಿಗ್ಗಿಸಿ, ಯಂತ್ರಕ್ಕೆ ಗಲ್ಲ ಒರಗಿಸಿ ಕೂರಿಸಿ, ಆ ಹಿಂಗೋಡೆಯ ನಡುವೆ ಒಂದು ಕಿಂಡಿ ತೆರೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ. ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುತ್ತದೆ. ಕಣ್ಣಿನ ಒತ್ತಡ ಸ್ವಲ್ಪ ಹೊತ್ತು ಏರಬಹುದು, ಅಪರೂಪಕ್ಕೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಕಳಚುವ ಅಪಾಯವೂ ಇದೆ. ಹಾಗಾಗಿ ದೃಷ್ಟಿಗೆ ತೊಂದರೆಯಾಗದಿದ್ದರೆ ಮಾಡಿಸುವ ಅಗತ್ಯವಿಲ್ಲ. ಹನಿ ಮದ್ದಿನಿಂದ ಇದು ಕರಗುವುದಿಲ್ಲ, ದಯವಿಟ್ಟು ಅದಕ್ಕೆ ಹಣ ಸುರಿಯಬೇಡಿ.

ಆದರೆ ಎಲ್ಲ ಮಂಜೂ ಇದೇ ಅಲ್ಲ. ಕಣ್ಣು ಒಣಗುವುದು, ಕನ್ನಡಕದ ನಂಬರ್ ಬದಲಾಗಿರುವುದು, ರೆಟಿನಾದ ಊತ, ಯಾವುದೂ ಇರಬಹುದು. ಅದಕ್ಕೇ ಮೊದಲು ಪಾಪೆ ಹಿಗ್ಗಿಸಿ ಪೂರ್ತಿ ಪರೀಕ್ಷೆಯಾಗಲಿ. ಇದ್ದಕ್ಕಿದ್ದಂತೆ ಮಿಂಚು ಹೊಳೆದರೆ, ಕಪ್ಪು ಚುಕ್ಕೆಗಳ ಮಳೆಯಾದರೆ, ಬದಿಯಿಂದ ಪರದೆ ಎಳೆದಂತಾದರೆ ಅಥವಾ ನೋವು, ಕೆಂಪಿನ ಜೊತೆಗೆ ದೃಷ್ಟಿ ಕುಸಿದರೆ ನಾಳೆ ಎನ್ನಬೇಡಿ. ಅಂದೇ ಹೋಗಿ.

ನೀವು ಕೇಳಲಿಲ್ಲ, ಆದರೂ ಇನ್ನೊಂದು ಕಣ್ಣಿನ ಮಾತು ಹೇಳಲೇಬೇಕು. ಬಿಳಿ ಹಾಳೆಯನ್ನು ಒಂದೊಂದೇ ಕಣ್ಣಿನಿಂದ ನೋಡಿ. ಆಪರೇಷನ್ ಆದ ಕಣ್ಣಿಗೆ ತುಸು ನೀಲಿ ಬೆರೆತ ಬಿಳಿ, ಆಗದ ಕಣ್ಣಿಗೆ ಮಾಸಲು ಹಳದಿ ಕಾಣಬಹುದು. ಹೊಸ ಲೆನ್ಸ್ ಸರಿಯಿಲ್ಲವೆಂದು ಹೆದರುವವರಿದ್ದಾರೆ. ಇಷ್ಟು ವರ್ಷ ಹಳದಿ ತೋರಿಸಿದ್ದು ಹಳೆಯ ಮಸೂರ. ಎರಡು ಕಣ್ಣಿನ ನಂಬರ್ ನಡುವೆ ಸುಮಾರು 3ಕ್ಕಿಂತ ಹೆಚ್ಚು ಅಂತರವಾದರೆ ಕನ್ನಡಕದಲ್ಲಿ ಎರಡು ಬಿಂಬಗಳ ಗಾತ್ರ ಹೊಂದದೆ ತಲೆನೋವು, ಜೋಡಿ ದೃಷ್ಟಿ ಬರಬಹುದು. ಆಪರೇಷನ್ ಆಗದ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವುದು ಒಂದು ದಾರಿ. ಅಲ್ಲೂ ಮಸೂರ ಮಬ್ಬಾಗಿದ್ದರೆ ಅದರ ಆಪರೇಷನ್ನೇ ಪರಿಹಾರ.

ಚಿತ್ರಕಾರ ಕ್ಲೋದ್ ಮೋನೆ ಈ ಎರಡೂ ಕಷ್ಟ ಉಂಡವನು. 1923ರಲ್ಲಿ ಅವನ ಬಲಗಣ್ಣಿನ ಆಪರೇಷನ್ ಆಯಿತು. ಕಣ್ಣೊಳಗೆ ಲೆನ್ಸ್ ಇಡುವುದನ್ನು ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದು 1949ರಲ್ಲಿ, ಹಾಗಾಗಿ ಮೋನೆಗೆ ಸಿಕ್ಕಿದ್ದು ದಪ್ಪ ಗಾಜಿನ ಕನ್ನಡಕ. ಅದರಲ್ಲಿ ಬಿಂಬ ದೊಡ್ಡದಾಗಿ ಕಾಣುತ್ತದೆ, ಎರಡೂ ಕಣ್ಣು ಒಟ್ಟಿಗೆ ಹೊಂದಲೇ ಇಲ್ಲ. ಬಣ್ಣಗಳು ಏರುಪೇರಾದವು. ಅದೇ ವರ್ಷ ಹಿಂಗೋಡೆಯೂ ಮಬ್ಬಾಗಿ, ಲೇಸರ್ ಇಲ್ಲದ ಆ ಕಾಲದಲ್ಲಿ ಅದನ್ನು ಉಪಕರಣದಿಂದಲೇ ಸೀಳಬೇಕಾಯಿತು. ಎಡಗಣ್ಣನ್ನು ಅವನು ಕೊನೆಯವರೆಗೂ ಮುಟ್ಟಗೊಡಲಿಲ್ಲ.